ಆಟದಂಗಳದಲ್ಲಿ ಪಂಕ್ತಿಭೇದ

ಕಳೆದ ಡಿಸೆಂಬರಿನ ರಜೆಯಲ್ಲಿ ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯ ಮಕ್ಕಳನ್ನು ಕರೆದುಕೊಂಡು ನಾವು ಕೆಲವು ಹಿರಿಯರು ನಗರದ ಹೊರಗಿನ ಒಂದು ಮನರಂಜನಾ ಉದ್ಯಾನಕ್ಕೆ ವಿಹಾರ ಹೋಗಿದ್ದೆವು. ಬೈಕುಲ್ಲಾ ನಿಲ್ದಾಣದ ಬಳಿಯಿಂದ ಬೆಳಗಿನ ಆರೂವರೆಗೆ ಹೊರಟ ಬಸ್ಸಿನಲ್ಲಿ ಮೂವತ್ತೆಂಟು ಮಕ್ಕಳಿದ್ದರು. ಹೋಟೆಲು ಮಾಲೀಕರ ಮಕ್ಕಳು, ಬ್ಯಾಂಕಿನವರ ಮಕ್ಕಳು, ನನ್ನಂಥ ಸರ್ಕಾರಿ ನೌಕರರ ಮನೆಯವರು, ಕ್ಯಾಂಟೀನುಗಳಲ್ಲಿ ಅಡಿಗೆ ಮಾಡುವವರ ಮಕ್ಕಳು, ಕಟ್ಟಡಗಳ ಕಾವಲು ಕಾಯುವವರ ಮಕ್ಕಳು, ಎಲ್ಲರೂ ಬೆರೆತು ಕುಳಿತಿದ್ದರು. ಟಿಕೆಟಿನ ಅರ್ಧ ಹಣ ಸಂಘದ್ದು, ಅರ್ಧ ಆಯಾ ಮನೆಯವರದು. ದಾರಿಯಲ್ಲಿ ಒಂದೇ ಪಾತ್ರೆಯಿಂದ ಚಿತ್ರಾನ್ನ ಹಂಚಿದೆವು. ಯಾರ ಮಗು ಯಾರದೆಂದು ಆ ಬಸ್ಸಿನೊಳಗೆ ಗುರುತಿಸುವುದು ಕಷ್ಟವಾಗಿತ್ತು.

ಉದ್ಯಾನದ ಬಾಗಿಲಿಗೆ ಬಂದ ಮೇಲೆ ಗುರುತು ಸಿಕ್ಕಿತು. ಅಲ್ಲಿ ಟಿಕೆಟು ಎರಡು ಬಗೆ. ಸಾಮಾನ್ಯ ಟಿಕೆಟು ಒಂದು. ಅದರ ಮೇಲೆ ಇನ್ನಷ್ಟು ಹಣ ಕಟ್ಟಿದರೆ ಪ್ರತಿ ಆಟದ ಮುಂದಿನ ಉದ್ದನೆಯ ಸಾಲನ್ನು ಬಿಟ್ಟು ಪಕ್ಕದ ಕಿರುದಾರಿಯಿಂದ ನೇರವಾಗಿ ಒಳಹೋಗುವ ಹಕ್ಕು ಇನ್ನೊಂದು. ಈ ಎರಡನೆಯವರ ಕೈಗೆ ಹೊಳೆಯುವ ಬಣ್ಣದ ಪಟ್ಟಿ ಕಟ್ಟುತ್ತಾರೆ. ಮುಂಚಿತವಾಗಿ ತಿಳಿದುಕೊಂಡಿದ್ದ ಕೆಲವು ಪಾಲಕರು ಮಕ್ಕಳ ಕೈಯಲ್ಲಿ ಹೆಚ್ಚಿನ ಹಣ ಕೊಟ್ಟು ಕಳಿಸಿದ್ದರು. ಹನ್ನೊಂದು ಮಕ್ಕಳಿಗೆ ಪಟ್ಟಿ ಬಂತು. ಹನ್ನೆರಡನೆಯದನ್ನು ನಾನು ಕೊಂಡೆ. ನನ್ನ ಅಣ್ಣನ ಮೊಮ್ಮಗ, ಒಂಬತ್ತು ವರ್ಷದವನು, ಉಳಿದವರ ಕೈ ನೋಡಿ ನನ್ನ ಮುಖ ನೋಡಿದ. ಅಷ್ಟಕ್ಕೇ ನನ್ನ ಕೈ ಜೇಬಿಗೆ ಹೋಯಿತು. ಬೇರೆಯವರನ್ನು ದೂರುವ ಮುನ್ನ ಇದನ್ನು ಹೇಳಿಬಿಡುವುದು ನ್ಯಾಯ.

ಸಂಜೆಯ ಹೊತ್ತಿಗೆ ಅವನು ಒಂಬತ್ತು ಆಟ ಮುಗಿಸಿದ್ದ. ಎರಡನ್ನು ಎರಡೆರಡು ಸಲ. ತರಗತಿಯಲ್ಲಿ ಅವನ ಪಕ್ಕ ಕೂರುವ, ಕ್ಯಾಂಟೀನಿನವರ ಮಗಳು ಮೂರು ಆಟ ಮುಗಿಸಿದ್ದಳು. ಮರಳುವಾಗ ಬಸ್ಸಿನಲ್ಲಿ ಅವನು ನನ್ನನ್ನು ಕೇಳಿದ: “ಅಜ್ಜಾ, ನಾವು ಎರಡು ಸಲ ಹೋಗಿ ಬಂದ್ರೂ ಅಕಿ ಪಾಳೇದಾಗ ಅಲ್ಲೇ ನಿಂತಿದ್ಲು. ನಾವು ಹೋಗಿದ್ದಕ್ಕ ಅಕೀಗೆ ತಡಾ ಆತೇನು?” ನಾನು, “ಇಲ್ಲಪ್ಪಾ, ಅದು ಬ್ಯಾರೆ ಪಾಳಿ, ಇದು ಬ್ಯಾರೆ ಪಾಳಿ,” ಎಂದೆ.

ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರವನ್ನು ಸ್ನಾತಕೋತ್ತರ ಪದವಿಗೆ ಓದಿದವನು. ಸರತಿಯ ಸಾಲುಗಳ ಗಣಿತ ನಮಗೆ ಒಂದು ಪೂರ್ಣ ಪತ್ರಿಕೆಯೇ ಆಗಿತ್ತು. ಆದ್ದರಿಂದ ನಾನು ಆ ಹುಡುಗನಿಗೆ ಹೇಳಿದ್ದು ಅರಿವಿಲ್ಲದೆ ಆಡಿದ ಮಾತೆಂದು ತಪ್ಪಿಸಿಕೊಳ್ಳುವಂತಿಲ್ಲ. ಅದು ಸುಳ್ಳು. ಆ ಸುಳ್ಳಿನ ತಿದ್ದುಪಡಿಯನ್ನು ಸಂಘದ ಪತ್ರಿಕೆಯಲ್ಲಿಯೇ ಮಾಡಬೇಕೆಂದು ತೋರಿದ್ದರಿಂದ ಈ ಲೇಖನ.

ಲೆಕ್ಕ ಬಹಳ ಸರಳ. ಒಂದು ಆಟದ ಬಂಡಿಯಲ್ಲಿ ಇಪ್ಪತ್ತು ಆಸನಗಳಿವೆ, ಮೂರು ನಿಮಿಷಕ್ಕೊಮ್ಮೆ ಹೊರಡುತ್ತದೆ ಎಂದಿಟ್ಟುಕೊಳ್ಳೋಣ. ಗಂಟೆಗೆ ನಾನೂರು ಜನ. ಸಾಲಿನಲ್ಲಿ ನಾನೂರು ಜನರಿದ್ದರೆ ಕಟ್ಟಕಡೆಯವನಿಗೆ ಒಂದು ಗಂಟೆಯ ಕಾಯುವಿಕೆ. ಈಗ ಪ್ರತಿ ಸಲವೂ ಇಪ್ಪತ್ತರಲ್ಲಿ ಎಂಟು ಆಸನಗಳು ಪಟ್ಟಿ ಕಟ್ಟಿದವರಿಗೆ ಹೋದರೆ ಸಾಮಾನ್ಯ ಸಾಲಿಗೆ ಗಂಟೆಗೆ ಉಳಿಯುವುದು ಇನ್ನೂರನಲವತ್ತು. ಅದೇ ನಾನೂರನೆಯವನು ಈಗ ಒಂದು ಗಂಟೆ ನಲವತ್ತು ನಿಮಿಷ ನಿಲ್ಲಬೇಕು. ಆ ನಲವತ್ತು ನಿಮಿಷ ಎಲ್ಲಿಗೆ ಹೋಯಿತು? ಯಂತ್ರ ವೇಗವಾಗಿ ತಿರುಗಲಿಲ್ಲ, ಆಸನಗಳು ಹೆಚ್ಚಲಿಲ್ಲ. ಪಕ್ಕದ ಕಿರುದಾರಿಯವನು ಉಳಿಸಿಕೊಂಡ ಹೊತ್ತು ಇವನ ಪಾಲಿನಿಂದ ತೆಗೆದದ್ದು. ಸಾಲುಗಳು ಹೊರಗಿನಿಂದ ಎರಡಾಗಿ ಕಂಡರೂ ಬಂಡಿಯ ಬಾಗಿಲಲ್ಲಿ ಒಂದೇ.

ಇದು ನನ್ನ ಕಲ್ಪನೆಯಲ್ಲ. ಸರತಿಯ ಗಣಿತವನ್ನು ಮೊದಲು ಕಟ್ಟಿದವನು ಡೆನ್ಮಾರ್ಕಿನ ಎರ್ಲಾಂಗ್. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಅವನು 1909ರಲ್ಲಿ ಈ ಬಗೆಗಿನ ತನ್ನ ಮೊದಲ ಪ್ರಬಂಧವನ್ನು ಪ್ರಕಟಿಸಿದ. ಅಮೆರಿಕದ ಲಿಯೊನಾರ್ಡ್ ಕ್ಲೈನ್‌ರಾಕ್ 1965ರಲ್ಲಿ ಇನ್ನೊಂದು ನಿಯಮವನ್ನು ಸಾಧಿಸಿ ತೋರಿಸಿದರು. ಸೇವೆಯ ವೇಗ ಅಷ್ಟೇ ಇದ್ದು, ಯಾರನ್ನು ಮೊದಲು ಕರೆಯಬೇಕೆಂಬ ಕ್ರಮವನ್ನು ಮಾತ್ರ ಬದಲಿಸಿದರೆ, ಎಲ್ಲರ ಕಾಯುವಿಕೆಯ ಒಟ್ಟು ಭಾರ ಕಡಿಮೆಯಾಗುವುದಿಲ್ಲ, ಅದು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗುತ್ತದೆ ಅಷ್ಟೆ ಎಂಬುದು ಅದರ ತಾತ್ಪರ್ಯ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಗಳಿಸಿದ್ದೆ. ಒಂಬತ್ತು ವರ್ಷದ ಹುಡುಗನಿಗೆ ಓದದೆಯೇ ಅದು ಹೊಳೆದಿತ್ತು.

ಉದ್ಯಾನವು ಮಾರುತ್ತಿರುವ ವಸ್ತು ಯಾವುದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ತನ್ನ ಯಂತ್ರ, ತನ್ನ ನೆಲ, ತನ್ನ ಹೂದೋಟ ಇವನ್ನು ಅದು ಸಾಮಾನ್ಯ ಟಿಕೆಟಿನಲ್ಲಿಯೇ ಮಾರಿಬಿಟ್ಟಿದೆ. ಮೇಲಿನ ಹಣಕ್ಕೆ ಅದು ಕೊಡುವುದು ಸಾಲಿನಲ್ಲಿ ನಿಂತ ಆ ಹುಡುಗಿಯ ಹೊತ್ತನ್ನು. ತನ್ನದಲ್ಲದ ವಸ್ತುವನ್ನು ಮಾರಿ ಹಣವನ್ನು ತಾನೇ ಇಟ್ಟುಕೊಳ್ಳುವ ಈ ವ್ಯಾಪಾರದಲ್ಲಿ ವಸ್ತುವಿನ ಒಡತಿಗೆ ಮಾರಾಟದ ಸುದ್ದಿ ಕೂಡ ತಿಳಿಯುವುದಿಲ್ಲ. ಅವಳ ಜಾಗವನ್ನು ಅವಳೇ ನನ್ನ ಮೊಮ್ಮಗನಿಗೆ ಮಾರಿದ್ದರೆ ಹಣವಾದರೂ ಅವಳ ಕೈಸೇರುತ್ತಿತ್ತು!

ಹಿಂದೆ ಈ ಊರಿನ ಚಿತ್ರಮಂದಿರಗಳ ಎದುರು ಹೊಸ ಚಿತ್ರ ಬಂದ ಶುಕ್ರವಾರ ಬ್ಲ್ಯಾಕಿನವರು ನಿಲ್ಲುತ್ತಿದ್ದರು. ಬಾಯಿಯ ಮೂಲೆಯಿಂದ ಬೆಲೆ ಪಿಸುಗುಡುತ್ತಿದ್ದರು, ಪೊಲೀಸರನ್ನು ಕಂಡರೆ ಗಲ್ಲಿಗೆ ಓಡುತ್ತಿದ್ದರು. ಅವರದ್ದು ಅಪರಾಧವೆಂಬುದರಲ್ಲಿ ನಮಗಾರಿಗೂ ಸಂಶಯವಿರಲಿಲ್ಲ. ಆದರೂ ಬ್ಲ್ಯಾಕಿನವನು ಬೆಳಿಗ್ಗೆ ತಾನೇ ಸಾಲಿನಲ್ಲಿ ನಿಂತು ಟಿಕೆಟು ಕೊಂಡವನು. ಬಿಸಿಲನ್ನು ತಾನು ತಿಂದು ಟಿಕೆಟನ್ನು ಮಾರಿದವನು. ಇಲ್ಲಿ ಬಿಸಿಲು ತಿನ್ನುವವರು ಬೇರೆ, ಮಾರುವವರು ಬೇರೆ. ತೆರಿಗೆ ಸಹಿತ ರಸೀದಿ ಬೇರೆ ಸಿಗುತ್ತದೆ.

ನಮ್ಮ ಭಾಷೆಯಲ್ಲಿ ಇದಕ್ಕೆ ಹತ್ತಿರದ ಒಂದು ಹಳೆಯ ಮಾತಿದೆ: ಪಂಕ್ತಿಭೇದ. ಒಂದೇ ಸಾಲಿನಲ್ಲಿ ಎಲೆ ಹಾಕಿ ಕೂಡಿಸಿ, ಒಬ್ಬನ ಎಲೆಗೆ ತುಪ್ಪ ಸುರಿದು ಇನ್ನೊಬ್ಬನ ಎಲೆಯನ್ನು ದಾಟಿಹೋಗುವುದು. ಉಂಡವನು ಮರೆತರೂ ದಾಟಿಸಲ್ಪಟ್ಟವನು ಜೀವಮಾನವಿಡೀ ಮರೆಯಲಾರದ ಅಪಮಾನ ಅದು. ಈ ಶತಮಾನದಲ್ಲಿಯೂ ಕರ್ನಾಟಕದಲ್ಲಿ ಪಂಕ್ತಿಭೇದದ ವಿರುದ್ಧ ಚಳವಳಿಗಳು ನಡೆದಿವೆ. ಜಾತಿಯಿಂದ ಹುಟ್ಟಿದ ಆ ಭೇದದ ಭಾರಕ್ಕೆ ಆಟದ ಸಾಲನ್ನು ಸರಿದೂಗಿಸುವ ಅವಿವೇಕ ನನಗಿಲ್ಲ. ಆದರೆ ಒಂದು ಅಂಶವನ್ನು ಗಮನಿಸಬೇಕು. ನಿಮ್ಮ ಎಲೆಗೆ ಬಿದ್ದ ತುಪ್ಪ ನನ್ನ ಎಲೆಯ ಸಾರನ್ನು ಕಡಿಮೆ ಮಾಡುವುದಿಲ್ಲ. ಆಟದ ಸಾಲಿನಲ್ಲಿ ನಿಮ್ಮ ಎಲೆಗೆ ಬಡಿಸುವುದೇ ನನ್ನ ಎಲೆಯಿಂದ ಎತ್ತಿ.

ಇಷ್ಟು ಹೇಳಿದೊಡನೆ ಮುಂಬಯಿಯ ಓದುಗರು ಎತ್ತಬಹುದಾದ ಆಕ್ಷೇಪ ನನಗೆ ಗೊತ್ತು. “ಲೋಕಲ್ಲಿನಲ್ಲಿ ಫಸ್ಟ್ ಕ್ಲಾಸಿಲ್ಲವೆ? ಚಿತ್ರಮಂದಿರದಲ್ಲಿ ಬಾಲ್ಕನಿಯಿಲ್ಲವೆ? ಹಣಕ್ಕೆ ತಕ್ಕ ಸೌಕರ್ಯ ಎಲ್ಲೆಡೆಯೂ ಉಂಟಲ್ಲ!” ಉಂಟು. ನಾನೂ ಫಸ್ಟ್ ಕ್ಲಾಸಿನ ಪಾಸು ಇಟ್ಟುಕೊಂಡವನೇ. ಆದರೆ ಫಸ್ಟ್ ಕ್ಲಾಸಿನವನೂ ಸೆಕೆಂಡ್ ಕ್ಲಾಸಿನವನೂ ಬೈಕುಲ್ಲಾ ತಲಪುವುದು ಒಂದೇ ಗಳಿಗೆಯಲ್ಲಿ. ಗಾಂಧಿ ಕ್ಲಾಸಿನಲ್ಲಿ ಕೂತವನಿಗೂ ಬಾಲ್ಕನಿಯವನಿಗೂ ಚಿತ್ರ ಒಟ್ಟಿಗೇ ಆರಂಭವಾಗುತ್ತದೆ. ಇನ್ನೂ ಸೂಕ್ಷ್ಮವಾದ ನಿದರ್ಶನವೆಂದರೆ, ನಮ್ಮ ಊರಿನ ಸ್ಲೋ ಗಾಡಿಗೂ ಫಾಸ್ಟ್ ಗಾಡಿಗೂ ಟಿಕೆಟಿನ ದರ ಒಂದೇ. ದರ ದೂರಕ್ಕೆ ಹೊರತು ಬೇಗಕ್ಕಲ್ಲ. 2017ರ ಡಿಸೆಂಬರಿನಲ್ಲಿ ಬಂದ ಎ.ಸಿ. ಲೋಕಲ್ಲಿಗೆ ದರ ಹೆಚ್ಚು; ಅದು ತಂಪಿಗೆ. ಮೆತ್ತನೆಯ ಆಸನವನ್ನು ಮಾರುವುದು ಬೇರೆ, ಸರತಿಯನ್ನು ಮಾರುವುದು ಬೇರೆ.

ಈ ಭೇದವನ್ನು ಆಟದ ಉದ್ಯಾನಗಳೇ ಒಂದು ಕಾಲಕ್ಕೆ ಅರಿತಿದ್ದವು. 1955ರಲ್ಲಿ ತೆರೆದ ಅಮೆರಿಕದ ಡಿಸ್ನಿಲ್ಯಾಂಡಿನಲ್ಲಿ ಬಹುಕಾಲ ಆಟಗಳಿಗೆ ದರ್ಜೆವಾರು ಟಿಕೆಟಿನ ಪುಸ್ತಕಗಳಿದ್ದವು. ದೊಡ್ಡ ಆಟಕ್ಕೆ ಹೆಚ್ಚು ಬೆಲೆಯ ಚೀಟಿ, ಸಣ್ಣದಕ್ಕೆ ಕಡಿಮೆಯದು. ಆದರೆ ಚೀಟಿ ಹಿಡಿದವರೆಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. 1999ರಲ್ಲಿ ಅದೇ ಸಂಸ್ಥೆ ‘ಫಾಸ್ಟ್‌ಪಾಸ್’ ಎಂಬ ಏರ್ಪಾಡನ್ನು ತಂದಿತು. ಯಂತ್ರಕ್ಕೆ ಟಿಕೆಟು ತೂರಿಸಿದರೆ ಇಂಥ ಹೊತ್ತಿಗೆ ಮರಳಿ ಬನ್ನಿ ಎಂಬ ಚೀಟಿ ಬರುತ್ತಿತ್ತು. ಅಲ್ಲಿಯವರೆಗೆ ಬೇರೆಡೆ ಸುತ್ತಾಡಬಹುದು. ಅದಕ್ಕೆ ಹಣವಿರಲಿಲ್ಲ. ಬೆಳಿಗ್ಗೆ ಬೇಗ ಬಂದವನಿಗೆ, ಚುರುಕಾದವನಿಗೆ ಲಾಭ. ಆದರೆ ಬಾಗಿಲು ಎಲ್ಲರಿಗೂ ತೆರೆದಿತ್ತು. 2021ರಲ್ಲಿ ಆ ಉಚಿತ ಪದ್ಧತಿಯ ಸ್ಥಾನಕ್ಕೆ ಹಣ ಕೊಟ್ಟು ಪಡೆಯುವ ದಾರಿ ಬಂತು. ಅದಕ್ಕೆ ಬಹಳ ಮುಂಚೆಯೇ ಬೇರೆ ಅಮೆರಿಕನ್ ಉದ್ಯಾನಗಳು ಈ ಮಾರಾಟಕ್ಕೆ ಇಳಿದಿದ್ದವು. ಹಾರ್ವರ್ಡಿನ ಮೈಕೇಲ್ ಸ್ಯಾಂಡೆಲ್ ಎಂಬ ತತ್ವಶಾಸ್ತ್ರದ ಪ್ರಾಧ್ಯಾಪಕರು ಹಣದಿಂದ ಕೊಳ್ಳಬಾರದ ವಸ್ತುಗಳನ್ನು ಕುರಿತು 2012ರಲ್ಲಿ ಪುಸ್ತಕ ಬರೆದಾಗ ಮೊದಲ ಅಧ್ಯಾಯಕ್ಕೆ ಎತ್ತಿಕೊಂಡದ್ದೇ ಸಾಲು ತಪ್ಪಿಸುವ ಈ ವ್ಯಾಪಾರವನ್ನು.

ನಮ್ಮಲ್ಲಿ ಗೊರಾಯಿಯ ಎಸ್ಸೆಲ್‌ವರ್ಲ್ಡ್ 1989ರಲ್ಲಿ ತೆರೆದಾಗ ಮುಂಬಯಿಯ ಮಕ್ಕಳು ದೋಣಿಯಲ್ಲಿ ಖಾರಿ ದಾಟಿ ಹೋಗುತ್ತಿದ್ದರು. 2022ರಲ್ಲಿ ಅದು ಮುಚ್ಚಿತು. ಖೋಪೋಲಿಯ ಇಮ್ಯಾಜಿಕಾ 2013ರಲ್ಲಿ ಬಂತು. ಅಲ್ಲಿ ‘ಎಕ್ಸ್‌ಪ್ರೆಸ್’ ಟಿಕೆಟು. ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ 2005ರಲ್ಲಿ ಆರಂಭವಾದ ವಂಡರ್‌ಲಾದಲ್ಲಿ ‘ಫಾಸ್ಟ್‌ಟ್ರ್ಯಾಕ್’ ಟಿಕೆಟು. ಹೆಸರು ಏನೇ ಇರಲಿ, ಎರಡೂ ಸಾಲು ದಾಟಿಸುವ ಚೀಟಿಗಳೇ. ಬೇಸಿಗೆಯಲ್ಲಿ ಊರಿಗೆ ಹೋದ ನಮ್ಮ ಮಕ್ಕಳು ಅಲ್ಲಿಯೂ ಇದೇ ಪಾಠ ಕಲಿತು ಬರುತ್ತಾರೆ.

ಉದ್ಯಮದ ಕಡೆಯವರ ವಾದವನ್ನು ನಾನು ಹಗುರಾಗಿ ತಳ್ಳಿಹಾಕುವುದಿಲ್ಲ. ಆಟದ ಉದ್ಯಾನ ನಡೆಸುವುದು ಸುಲಭದ ಮಾತಲ್ಲ. ಯಂತ್ರಗಳಿಗೆ ಕೋಟ್ಯಂತರ ರೂಪಾಯಿ, ರಜೆಯ ದಿನ ಮಾತ್ರ ಜನ, ಮಳೆಗಾಲದಲ್ಲಿ ಖಾಲಿ. ಇಮ್ಯಾಜಿಕಾ ಸಾಲದ ಹೊರೆಯಲ್ಲಿ ಸಿಲುಕಿ 2022ರಲ್ಲಿ ಬೇರೆಯವರ ಒಡೆತನಕ್ಕೆ ಹೋದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಹಣವುಳ್ಳವರು ಹೆಚ್ಚು ಕೊಟ್ಟರೆ ಸಾಮಾನ್ಯರ ಟಿಕೆಟಿನ ಬೆಲೆ ಕೆಳಗೆ ನಿಲ್ಲುತ್ತದೆ ಎನ್ನುತ್ತಾರೆ. ಇರಬಹುದು. ಹಾಗಿದ್ದರೆ ರಜೆಯ ದಿನಕ್ಕೆ ಹೆಚ್ಚು ದರ, ವಾರದ ನಡುವೆ ಕಡಿಮೆ ದರ ಇಡಲಿ. ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಲಿ. ಊಟಕ್ಕೆ, ನೆರಳಿನ ಕೋಣೆಗೆ, ಛಾಯಾಚಿತ್ರಕ್ಕೆ ಬೇಕಾದ ಬೆಲೆ ಪಡೆಯಲಿ. ಇವಾವುವೂ ಈಗಾಗಲೇ ಟಿಕೆಟು ಕೊಂಡು ಸಾಲಿನಲ್ಲಿ ನಿಂತ ಮಗುವಿನಿಂದ ಏನನ್ನೂ ಕಸಿಯುವುದಿಲ್ಲ.

ಅದಕ್ಕಿಂತ ಕೇಡಿನ ಸಂಗತಿ ಇನ್ನೊಂದಿದೆ. ಸಾಲು ದಾಟಿಸುವ ಚೀಟಿಗೆ ಬೆಲೆ ಬರುವುದು ಸಾಲು ಉದ್ದವಿದ್ದಾಗ ಮಾತ್ರ. ಹತ್ತು ನಿಮಿಷದಲ್ಲಿ ಆಟ ಸಿಗುವಂತಿದ್ದರೆ ಆ ಚೀಟಿಯನ್ನು ಕೊಳ್ಳುವ ಮೂಢರಾರು? ಅಂದ ಮೇಲೆ ಇನ್ನೊಂದು ಬಂಡಿ ಓಡಿಸಿ, ಇನ್ನಿಬ್ಬರು ನೌಕರರನ್ನಿಟ್ಟು ಸಾಲನ್ನು ಕರಗಿಸುವ ವ್ಯವಸ್ಥಾಪಕನು ತನ್ನ ಸಂಸ್ಥೆಯ ಆದಾಯದ ಒಂದು ಬಾಬನ್ನೇ ಕರಗಿಸಿದಂತಾಯಿತು. ಯಾರೂ ಬೇಕೆಂದೇ ಸಾಲನ್ನು ಉದ್ದ ಮಾಡುತ್ತಾರೆಂದು ನಾನು ಆಪಾದಿಸುತ್ತಿಲ್ಲ. ಸಾಲು ಉದ್ದವಾದರೆ ಲಾಭವಾಗುವವನ ಕೈಗೇ ಸಾಲಿನ ಉಸ್ತುವಾರಿಯನ್ನು ಕೊಡಬಾರದೆಂಬುದು ಆಡಳಿತದ ಮೊದಲ ಪಾಠ. ಮೂವತ್ತು ವರ್ಷ ಕಚೇರಿಯಲ್ಲಿ ಕುಳಿತವನಿಗೆ ಅಷ್ಟಾದರೂ ತಿಳಿದಿರುತ್ತದೆ.

ಅರ್ಥಶಾಸ್ತ್ರದವರು ಇನ್ನೊಂದು ಮಾತು ಹೇಳುತ್ತಾರೆ: ಯಾರಿಗೆ ಸಮಯದ ಬೆಲೆ ಹೆಚ್ಚೋ ಅವರು ಹೆಚ್ಚು ಹಣ ಕೊಡುತ್ತಾರೆ, ಹೀಗಾಗಿ ಸಮಯವು ಯೋಗ್ಯರಿಗೇ ಸಲ್ಲುತ್ತದೆ ಎಂದು. ಕ್ಯಾಂಟೀನಿನ ಅಡಿಗೆಯವರಿಗೆ ವರ್ಷದಲ್ಲಿ ಮಗಳನ್ನು ಎಲ್ಲಿಗಾದರೂ ಕಳಿಸಲು ಸಾಧ್ಯವಾದದ್ದು ಅದೊಂದು ದಿನ. ನನ್ನ ಮೊಮ್ಮಗ ಬೇಕಾದರೆ ಮುಂದಿನ ತಿಂಗಳೂ ಹೋಗಬಲ್ಲ. ಆ ದಿನದ ಒಂದೊಂದು ನಿಮಿಷ ಯಾರಿಗೆ ಹೆಚ್ಚು ಬೆಲೆಯದು? ಜೇಬಿನ ಆಳವನ್ನು ಅಳೆದು ಅದನ್ನು ಆಸೆಯ ಆಳವೆಂದು ಬರೆದುಕೊಳ್ಳುವ ಈ ಶಾಸ್ತ್ರಕ್ಕೆ ಏನೆನ್ನೋಣ!

ಸಾಲು ತಪ್ಪಿಸುವುದು ನಮ್ಮ ದೇಶಕ್ಕೆ ಹೊಸದೇನಲ್ಲ, ನಿಜ. ವಶೀಲಿ ಎಂಬ ಮಾತು ನಮ್ಮ ನಿತ್ಯದ ಮಾತು. ಬೈಕುಲ್ಲಾದ ನೆರೆಯ ಲಾಲ್‌ಬಾಗಿನಲ್ಲಿ 1934ರಿಂದ ಗಣಪತಿ ಕೂಡಿಸುತ್ತಾರೆ. ಹರಕೆಯವರದೊಂದು ಸಾಲು, ದೂರದಿಂದ ಮುಖದರ್ಶನ ಮಾಡುವವರದೊಂದು ಸಾಲು. ಜನ ಇರುಳಿಡೀ ನಿಂತಿರುತ್ತಾರೆ. ಸಿನಿಮಾ ನಟರೂ ಮಂತ್ರಿಗಳೂ ಮಾತ್ರ ಪಕ್ಕದಿಂದ ಬಂದು ಪಾದ ಮುಟ್ಟಿ ಹೋಗುವುದನ್ನು ವರ್ಷ ವರ್ಷವೂ ದೂರದರ್ಶನದಲ್ಲಿ ಕಾಣುತ್ತೇವೆ. ನಾನು ಕೂಡ ಊರಿನಲ್ಲಿ ತಾಯಿಗೆ ಕಾಯಿಲೆಯಾದಾಗ ರೈಲಿನ ತುರ್ತು ಕೋಟಾಕ್ಕೆ ಪತ್ರ ಬರೆದಿದ್ದೇನೆ. ಒಮ್ಮೆ, ಯಾವ ತುರ್ತೂ ಇಲ್ಲದ ಮದುವೆಗೂ ಬರೆದಿದ್ದೇನೆ. ಆದರೆ ಆ ಪತ್ರಕ್ಕೆ ಸಹಿ ಹಾಕುವಾಗ ಕೈ ಸ್ವಲ್ಪ ಅಳುಕಿತ್ತು. ವಶೀಲಿಗೆ ಒಂದು ನಾಚಿಕೆಯಿತ್ತು. ಸಾಲು ದಾಟಿದವನು ತಲೆತಗ್ಗಿಸಿ ಬೇಗ ಬೇಗ ನಡೆಯುತ್ತಿದ್ದ. ಈಗ ಕೈಗೆ ಹೊಳೆಯುವ ಪಟ್ಟಿ ಕಟ್ಟಿಕೊಂಡು ನಿಧಾನವಾಗಿ ನಡೆಯುತ್ತಾನೆ.

ನಾಚಿಕೆ ಹೋದೊಡನೆ ಪದ್ಧತಿ ಹರಡುತ್ತದೆ. ರೈಲ್ವೆಯಲ್ಲಿ 1997ರಲ್ಲಿ ತತ್ಕಾಲ್ ಆರಂಭವಾದಾಗ ಅವಸರದವರಿಗಾಗಿ ಎಂದರು. 2014ರಲ್ಲಿ ಪ್ರೀಮಿಯಂ ತತ್ಕಾಲ್ ಬಂದು, ಬೇಡಿಕೆ ಏರಿದಂತೆ ದರವೂ ಏರತೊಡಗಿತು. ತಿರುಪತಿಯಲ್ಲಿ ಮುನ್ನೂರು ರೂಪಾಯಿಯ ದರ್ಶನ ಹಳೆಯ ಸಂಗತಿಯಾಯಿತು. ಟ್ರಸ್ಟಿಗೆ ಹತ್ತು ಸಾವಿರ ಕೊಟ್ಟವರಿಗೆ ಗಣ್ಯರ ಸಾಲಿನ ದರ್ಶನ 2019ರಿಂದ ಸಿಗುತ್ತಿದೆ. ನಮ್ಮ ಹಾಸನದ ಹಾಸನಾಂಬೆಯ ಗುಡಿ ವರ್ಷಕ್ಕೆ ಕೆಲವೇ ದಿನ ಬಾಗಿಲು ತೆರೆಯುತ್ತದೆ. ಅಲ್ಲಿಯೂ ಮುನ್ನೂರರ ಸಾಲು, ಸಾವಿರದ ಸಾಲು ಬಂದಿವೆ. ಆಟದ ಬಂಡಿಯ ಗಣಿತ ಅಲ್ಲಿಗೂ ಅನ್ವಯಿಸುತ್ತದೆ. ಗರ್ಭಗುಡಿಯ ಬಾಗಿಲು ಅಗಲವಾಗುವುದಿಲ್ಲ. ದೇವಾಲಯಗಳಲ್ಲಿ ಹಣ ಪಡೆದು ಕೊಡುವ ವಿಶೇಷ ದರ್ಶನದ ವಿರುದ್ಧದ ಅರ್ಜಿ ಸರ್ವೋಚ್ಚ ನ್ಯಾಯಾಲಯದ ಮುಂದೆ 2025ರ ಜನವರಿಯಲ್ಲಿ ಬಂದಾಗ, ಇಂಥ ವಿಶೇಷ ಉಪಚಾರ ಕೂಡದೆಂಬ ಅಭಿಪ್ರಾಯವನ್ನು ಪೀಠವು ವ್ಯಕ್ತಪಡಿಸಿದರೂ ತಾನು ನಿರ್ದೇಶನ ಕೊಡಲು ಒಪ್ಪಲಿಲ್ಲ. ಅದೇ ತಿಂಗಳು ಧರ್ಮಸ್ಥಳದಲ್ಲಿ ಭಕ್ತರ ಸರತಿಗೆಂದೇ ಕಟ್ಟಿದ ಹೊಸ ಸಂಕೀರ್ಣವನ್ನು ಉದ್ಘಾಟಿಸಿದ ಅಂದಿನ ಉಪರಾಷ್ಟ್ರಪತಿ ಜಗದೀಪ ಧನಕರ್ ಅವರು ದೇವಸ್ಥಾನಗಳಲ್ಲಿ ಗಣ್ಯರ ದರ್ಶನದ ಪದ್ಧತಿ ಸಲ್ಲದೆಂದು ಹೇಳಿದ್ದರು. ದೊಡ್ಡವರ ಮಟ್ಟದಲ್ಲಿ ಮಾತು ಅಲ್ಲಿಗೆ ನಿಂತಿದೆ. ದೇವರ ಮುಂದಿನ ಸಾಲನ್ನೇ ಮಾರಲು ಒಪ್ಪಿದವರಿಗೆ ಮಕ್ಕಳ ಆಟದ ಸಾಲು ಯಾವ ಲೆಕ್ಕ ಎಂದು ಕೇಳಬಹುದು. ನಾನು ಅದನ್ನು ತಿರುಗಿಸಿ ನೋಡುತ್ತೇನೆ. ಒಂಬತ್ತನೆಯ ವಯಸ್ಸಿನಲ್ಲಿ ಆಟದ ಸಾಲನ್ನು ಕೊಂಡವನು ಮೂವತ್ತಕ್ಕೆ ಗುಡಿಯ ಸಾಲನ್ನೂ ಐವತ್ತಕ್ಕೆ ಆಸ್ಪತ್ರೆಯ ಸಾಲನ್ನೂ ಕೊಳ್ಳಲು ಹಿಂಜರಿಯಲಾರ.

ಬೈಕುಲ್ಲಾದ ನಾವು ಸಾಲಿನ ಬೆಲೆಯನ್ನು ಮರೆಯಬಾರದವರು. ಮರಾಠಿಯವರು ಭಾಯಖಳಾ ಎನ್ನುವ ಈ ಪ್ರದೇಶ ಗಿರಣಿಗಳ, ಚಾಳುಗಳ ಪ್ರದೇಶ. ಕರಾವಳಿಯಿಂದಲೂ ಬಯಲುಸೀಮೆಯಿಂದಲೂ ಬಂದ ನಮ್ಮ ಹಿರಿಯರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದವರು. ಚಾಳಿನ ನಲ್ಲಿಯಲ್ಲಿ ನೀರು ಬರುವುದು ನಸುಕಿನ ಒಂದೆರಡು ಗಂಟೆ. ರಾತ್ರಿಯೇ ಕೊಡಗಳನ್ನು ಸಾಲಾಗಿ ಇಟ್ಟು ಮಲಗುತ್ತಿದ್ದರು. ಕೊಡವಿಲ್ಲದವರು ತೂತುಬಿದ್ದ ಡಬ್ಬಿಯನ್ನೋ ಒಂದು ಕಲ್ಲನ್ನೋ ಇಡುತ್ತಿದ್ದರು, ಆ ಕಲ್ಲನ್ನು ಯಾರೂ ಸರಿಸುತ್ತಿರಲಿಲ್ಲ. ಮುಂಬಯಿಗೆ 1943ರಲ್ಲಿ ಬಂದ ಪಡಿತರದ ಸಾಲಿನಲ್ಲಿಯೂ ಹೀಗೆಯೇ ಎಂದು ನನಗೆ ಮನೆ ಬಾಡಿಗೆ ಕೊಟ್ಟಿದ್ದ ಮಂಗಳೂರಿನ ಅಜ್ಜಿ ಹೇಳುತ್ತಿದ್ದರು. ಜಗಳಗಳಾಗುತ್ತಿರಲಿಲ್ಲವೆಂದಲ್ಲ, ನಲ್ಲಿಯ ಕಟ್ಟೆಯ ಮೇಲೆ ಬಿಂದಿಗೆಯಿಂದ ಬಿಂದಿಗೆಗೆ ಯುದ್ಧಗಳೇ ನಡೆದಿವೆ. ಆದರೆ ಆ ಎಲ್ಲ ಯುದ್ಧಗಳೂ “ನನ್ನ ಕೊಡ ಮೊದಲಿತ್ತು” ಎಂಬ ಒಂದೇ ಕಾನೂನಿನಡಿ ನಡೆದವು. “ನಾನು ಎರಡಾಣೆ ಕೊಡುತ್ತೇನೆ, ನಿನ್ನ ಕೊಡ ತೆಗೆ” ಎಂದವರ ಗತಿಯನ್ನು ಆ ಹೆಂಗಸರು ಚೆನ್ನಾಗಿ ನೋಡಿಕೊಳ್ಳುತ್ತಿದ್ದರು. ಕೈಯಲ್ಲಿ ಏನೂ ಇಲ್ಲದವನ ಏಕೈಕ ಆಸ್ತಿ, ತಾನು ಮೊದಲು ಬಂದೆನೆಂಬುದು.

ಇಂದಿಗೂ ಭಾನುವಾರ ಬೆಳಿಗ್ಗೆ ಮಾಟುಂಗಾದ ನಮ್ಮವರ ಹಳೆಯ ಹೋಟೆಲುಗಳ ಮುಂದೆ ಹೋಗಿ ನೋಡಿ. ಬಾಗಿಲಲ್ಲಿ ಒಬ್ಬ ಪುಸ್ತಕ ಹಿಡಿದು ನಿಂತು ಹೆಸರು ಬರೆದುಕೊಳ್ಳುತ್ತಾನೆ. ಕಾರಿನಲ್ಲಿ ಬಂದವರೂ ನಡೆದು ಬಂದವರೂ ಪಾದಚಾರಿ ಕಟ್ಟೆಯ ಮೇಲೆ ನಿಂತು ತಮ್ಮ ಹೆಸರು ಕರೆಯುವುದನ್ನು ಕಾಯುತ್ತಾರೆ. ಸಾಲನ್ನು ಮಾರಿದ್ದರೆ ನಮ್ಮ ಹೋಟೆಲಿನವರು ಇನ್ನೆರಡು ಮಜಲು ಏರಿಸುತ್ತಿದ್ದರೇನೋ!

ವಿಹಾರದ ನಂತರದ ಎರಡನೆಯ ಭಾನುವಾರ ನಾನು ಮೊಮ್ಮಗನನ್ನೂ ತರಗತಿಯ ಆರೇಳು ಮಕ್ಕಳನ್ನೂ ಕರೆದುಕೊಂಡು ರಾಣಿಬಾಗಿಗೆ ಹೋದೆ. ವಿಕ್ಟೋರಿಯಾ ಗಾರ್ಡನ್ಸ್ ಎಂದು 1862ರಲ್ಲಿ ತೆರೆದ, ಈಗ ವೀರಮಾತಾ ಜೀಜಾಬಾಯಿ ಭೋಸಲೆಯವರ ಹೆಸರಿನ ಈ ಉದ್ಯಾನ ನನ್ನ ಮನೆಗೆ ನಡಿಗೆಯ ದೂರ. ದಕ್ಷಿಣ ಕೊರಿಯಾದಿಂದ 2016ರಲ್ಲಿ ಪೆಂಗ್ವಿನ್‌ಗಳು ಬಂದು, ಮರುವರ್ಷ ಮಾರ್ಚಿನಲ್ಲಿ ಜನರಿಗೆ ತೆರೆದಂದಿನಿಂದ ರಜೆಯ ದಿನ ಅಲ್ಲಿನ ಸಾಲು ಹನುಮಂತನ ಬಾಲ. 2017ರ ಆಗಸ್ಟಿನಲ್ಲಿ ಪ್ರವೇಶದರವನ್ನು ಐದು ರೂಪಾಯಿಯಿಂದ ಐವತ್ತಕ್ಕೆ, ಮಕ್ಕಳಿಗೆ ಎರಡರಿಂದ ಇಪ್ಪತ್ತೈದಕ್ಕೆ ಏರಿಸಿದಾಗ ನಾನೂ ವಿರೋಧಿಸಿ ಮಾತಾಡಿದವನು. ಆ ಏರಿಕೆ ಬಡವರಿಗೆ ಹೊರೆಯಾಯಿತೆಂದೇ ಇಂದಿಗೂ ನನ್ನ ಮತ. ಆದರೆ ಒಳಗೆ ಬಂದ ಮೇಲೆ ಭೇದವಿರಲಿಲ್ಲ. ಪೆಂಗ್ವಿನ್ ಮನೆಯ ಮುಂದೆ ಮಝಗಾಂವಿನ ಬೋಹ್ರಾ ಕುಟುಂಬ, ಅವರ ಹಿಂದೆ ನಾವು, ನಮ್ಮ ಹಿಂದೆ ಸಾತಾರೆಯಿಂದ ಬಂದ ಮೂರು ತಲೆಮಾರಿನ ಒಂದು ಮನೆತನ. ಮುಕ್ಕಾಲು ಗಂಟೆ ನಿಂತೆವು. ಆ ಹೊತ್ತಿನಲ್ಲಿ ಮಕ್ಕಳು ಸಾಲಿನಲ್ಲಿಯೇ ಪದಬಂಧ ಆಡಿದರು, ಸಾತಾರೆಯ ಅಜ್ಜಿ ಎಲ್ಲರಿಗೂ ಶೇಂಗಾ ಚಿಕ್ಕಿ ಹಂಚಿದರು. ಮುಂದೆ ಹೋಗುವ ದಾರಿ ಯಾರಿಗೂ ಇರಲಿಲ್ಲವಾದ್ದರಿಂದ ಯಾರಿಗೂ ಹೊಟ್ಟೆಕಿಚ್ಚು ಇರಲಿಲ್ಲ. ಕ್ಯಾಂಟೀನಿನವರ ಮಗಳೂ ಬಂದಿದ್ದಳು. ನನ್ನ ಮೊಮ್ಮಗನೂ ಅವಳೂ ಗಾಜಿಗೆ ಮೂಗು ಒತ್ತಿಕೊಂಡು ಪೆಂಗ್ವಿನ್ ನೋಡಿದ್ದು ಒಂದೇ ಗಳಿಗೆಯಲ್ಲಿ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಕಾರ್ಯಕಾರಿ ಸಮಿತಿಯಲ್ಲಿ ಈ ವಿಷಯ ಎತ್ತಿದಾಗ ಹಿರಿಯ ಸದಸ್ಯರೊಬ್ಬರು, “ಸರ್, ಕೊಡ್ಲಿಕ್ಕೆ ಆಗುವವರು ಕೊಡ್ತಾರೆ ಮಾರಾಯ್ರೆ. ನಾವು ಬೇಡ ಅಂದ್ರೆ ಅವರು ಸಂಘದ ಟ್ರಿಪ್ಪಿಗೆ ಬರುವುದಿಲ್ಲ, ಅವರದ್ದೇ ಕಾರಲ್ಲಿ ಹೋಗ್ತಾರೆ,” ಎಂದರು. ಅವರು ಸಂಘಕ್ಕಾಗಿ ನನಗಿಂತ ಹೆಚ್ಚು ಬೆವರು ಸುರಿಸಿದವರು, ಅವರ ಅನುಭವವನ್ನು ಗೌರವಿಸುತ್ತೇನೆ. ಹೋಗುವವರು ಹೋಗಲಿ ಎಂಬುದೇ ನನ್ನ ಉತ್ತರ. ತಮ್ಮ ಕಾರಿನಲ್ಲಿ, ತಮ್ಮ ಹಣದಲ್ಲಿ, ತಮ್ಮ ಮಕ್ಕಳನ್ನು ಕರೆದೊಯ್ದು ಏನನ್ನಾದರೂ ಕೊಳ್ಳಲಿ. ದೇಶದ ಕಾನೂನು ತಡೆಯದಿದ್ದುದನ್ನು ನಾನು ತಡೆಯಲಾರೆ. ಸಂಘದ ಬಸ್ಸಿನಲ್ಲಿ ಹತ್ತಿಸಿ, ಸಂಘದ ಹಣದಿಂದ ಅರ್ಧ ಟಿಕೆಟು ಕೊಟ್ಟು, ಬಾಗಿಲಲ್ಲಿ ಹನ್ನೆರಡು ಮತ್ತು ಇಪ್ಪತ್ತಾರು ಎಂದು ಮಕ್ಕಳನ್ನು ಒಡೆಯುವುದಕ್ಕೆ ನಾವೇಕೆ ನಿಮಿತ್ತರಾಗಬೇಕು? ರಾಜ್ಯೋತ್ಸವದ ಊಟಕ್ಕೆ ಇನ್ನೂರು ರೂಪಾಯಿ ಹೆಚ್ಚು ಕೊಟ್ಟವರನ್ನು ಮೊದಲ ಪಂಕ್ತಿಗೆ ಕೂಡಿಸುವ ಸೂಚನೆ ಬಂದಿದ್ದರೆ ಅದೇ ಸಮಿತಿ ಏನು ಹೇಳುತ್ತಿತ್ತು? ಹೊರನಾಡಿನಲ್ಲಿ ನಮ್ಮನ್ನು ಕೂಡಿಸಿರುವುದು ಭಾಷೆಯೊಂದೇ. ಆ ಮಕ್ಕಳು ವಾರವಿಡೀ ಬೇರೆ ಬೇರೆ ದರದ ಶಾಲೆಗಳಲ್ಲಿ, ಬೇರೆ ಬೇರೆ ದರದ ಗಲ್ಲಿಗಳಲ್ಲಿ ಇರುತ್ತಾರೆ. ಒಂದೇ ಬೆಂಚಿನ ಮೇಲೆ ಕೂರುವುದು ಭಾನುವಾರದ ಎರಡು ಗಂಟೆ ಮಾತ್ರ. ವಿಹಾರದ ನಂತರದ ಮೊದಲ ಭಾನುವಾರ ಪಟ್ಟಿ ಕಟ್ಟಿದ ಮಕ್ಕಳು ಪಟ್ಟಿ ಬಿಚ್ಚದೆಯೇ ತರಗತಿಗೆ ಬಂದಿದ್ದರು. ಅಂದು ಪಾಠ ಮಾಡಿದ ನಮ್ಮ ಶಿಕ್ಷಕಿಯವರು ಮಕ್ಕಳು ಎರಡು ಗುಂಪಾಗಿ ಕುಳಿತದ್ದನ್ನು ನನಗೆ ತಿಳಿಸಿದರು. ಮರುವಾರ ಪಟ್ಟಿಗಳು ಹೋಗಿದ್ದವು. ಗುಂಪು ಇನ್ನೂ ಪೂರ್ತಿ ಹೋಗಿಲ್ಲ.

ಹೊರಗಿನ ಲೋಕಕ್ಕೆ ಸಂಬಂಧಿಸಿದಂತೆ ನನ್ನ ಬೇಡಿಕೆ ಚಿಕ್ಕದು. ಗ್ರಾಹಕನು ಕೊಳ್ಳುವ ಸೇವೆಯ ಗುಣ, ಪ್ರಮಾಣಗಳನ್ನು ತಿಳಿಯುವ ಹಕ್ಕನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಮಾನ್ಯ ಮಾಡಿದೆ. ಸಾಮಾನ್ಯ ಟಿಕೆಟಿನ ಕಿಟಕಿಯ ಮೇಲೆ, ಎಲ್ಲರಿಗೂ ಕಾಣು��ಂತೆ, ಈ ದಿನ ಪ್ರತಿ ಆಟದಲ್ಲಿ ಎಷ್ಟು ಆಸನಗಳನ್ನು ಸಾಲು ದಾಟಿಸುವವರಿಗೆ ಬಿಟ್ಟುಕೊಟ್ಟಿದೆ, ಅಂಥ ಎಷ್ಟು ಚೀಟಿಗಳು ಮಾರಾಟವಾಗಿವೆ ಎಂಬುದನ್ನು ಬರೆದು ಹಾಕಬೇಕೆಂದು ನಿಯಮ ಮಾಡಲಿ. ಅದನ್ನು ಓದಿದ ಮೇಲೆಯೂ ಕೊಳ್ಳುವವನು ಕೊಳ್ಳಲಿ. ಮಾರುವವರಿಗೆ ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲವಾದರೆ ಒಂದು ಹಲಗೆ, ಒಂದು ಸೀಮೆಸುಣ್ಣ ಸಾಕು.

ಸಂಘಕ್ಕೆ ಸಂಬಂಧಿಸಿದಂತೆ, ಮುಂದಿನ ಸಮಿತಿಯ ಸಭೆಯಲ್ಲಿ ನಾನು ಒಂದು ಠರಾವನ್ನು ಮಂಡಿಸುವವನಿದ್ದೇನೆ. “ಸಂಘದ ಹೆಸರಿನಲ್ಲಿ ನಡೆಯುವ ಮಕ್ಕಳ ಯಾವ ವಿಹಾರದಲ್ಲಿಯೂ, ಸರತಿಯನ್ನು ದಾಟಿಸುವ ಟಿಕೆಟನ್ನು ಸಂಘವಾಗಲಿ, ಪಾಲಕರಾಗಲಿ, ಜೊತೆಗೆ ಹೋದ ಹಿರಿಯರಾಗಲಿ ಕೊಳ್ಳತಕ್ಕದ್ದಲ್ಲ.” ‘ಜೊತೆಗೆ ಹೋದ ಹಿರಿಯರಾಗಲಿ’ ಎಂಬುದನ್ನು ನನಗಾಗಿಯೇ ಸೇರಿಸಿದ್ದೇನೆ. ಸೂಚಕನ ಜಾಗದಲ್ಲಿ ನನ್ನ ಸಹಿಯಿದೆ. ಅನುಮೋದಕರ ಜಾಗ ಇನ್ನೂ ಖಾಲಿಯಿದೆ.